ಸಂದರ್ಶನಕ್ಕೆ ಎಷ್ಟು ತೂಕ?

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ, ಶಾಸನ ಹೊತ್ತ ಕಲ್ಲಿನ ಕಂಬವೊಂದಿದೆ. ಐದನೆಯ ಶತಮಾನದಲ್ಲಿ ಕವಿ ಕುಬ್ಜ ರಚಿಸಿದ ಆ ಸಂಸ್ಕೃತ ಶಾಸನ, ಕದಂಬರ ಮೂಲಪುರುಷ ಮಯೂರಶರ್ಮನು ಉನ್ನತ ವ್ಯಾಸಂಗಕ್ಕಾಗಿ ಪಲ್ಲವರ ಕಂಚಿಗೆ ಹೋಗಿ ಅಲ್ಲಿನ ಘಟಿಕಾಸ್ಥಾನ ಸೇರಿದ ಸಂಗತಿಯನ್ನು ಹೇಳುತ್ತದೆ. ಆತ ಒಬ್ಬನೇ ಹೋಗಲಿಲ್ಲ. ಜೊತೆಯಲ್ಲಿ ಗುರು ವೀರಶರ್ಮನಿದ್ದ. ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಮಯೂರಶರ್ಮ ಕತ್ತಿ ಹಿಡಿದ ಮುಂದಿನ ಕಥೆ ಶಾಲಾ ಮಕ್ಕಳಿಗೂ ಗೊತ್ತು. ಆದರೆ ಗುರು ಜೊತೆಗಿದ್ದ ಎಂಬ ಮಾತನ್ನೂ ಗಮನಿಸಬೇಕು. ದೊಡ್ಡ ವಿದ್ಯಾಸಂಸ್ಥೆಯ ಬಾಗಿಲಲ್ಲಿ ನಿಂತ ವಿದ್ಯಾರ್ಥಿಯ ಪಕ್ಕದಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆ ಈ ಸೀಮೆಗೆ ಹೊಸದೇನಲ್ಲ.

ಇಂದು ಅದೇ ಪ್ರಶ್ನೆ ಅಮೆರಿಕದ ಹೆಸರಾಂತ ಕಾಲೇಜುಗಳ ವಿಷಯದಲ್ಲಿ ಕೇಳಿಬರುತ್ತದೆ. ಅಲ್ಲಿನ ಹಲವು ಕಾಲೇಜುಗಳಲ್ಲಿ ಅರ್ಜಿ ಹಾಕಿದವರನ್ನು ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬರು ಮಾತನಾಡಿಸಿ ವರದಿ ಕಳಿಸುವ ಪದ್ಧತಿಯಿದೆ. ಸಂಬಳವಿಲ್ಲದ ಸೇವೆ ಇದು. ಸೀಟು ಕೊಡುವ ಅಧಿಕಾರ ಅವರಿಗಿಲ್ಲ. ಶಾಲೆಯ ಅಂಕ, ಶಿಕ್ಷಕರ ಪತ್ರ, ಪ್ರಬಂಧಗಳಿರುವ ಕಡತಕ್ಕೆ ಅವರ ವರದಿಯೂ ಒಂದು ಹಾಳೆಯಾಗಿ ಸೇರುತ್ತದೆ, ಅಷ್ಟೆ.

ಈ ಪದ್ಧತಿಯ ಹಿಂದಿನ ಚರಿತ್ರೆ ಮಾತ್ರ ಅಷ್ಟು ಸರಳವಲ್ಲ. 1920ರ ದಶಕದಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳು ಅಂಕದ ಜೊತೆಗೆ 'ಶೀಲ', 'ವ್ಯಕ್ತಿತ್ವ'ಗಳನ್ನೂ ತೂಗತೊಡಗಿದವು. ಪರೀಕ್ಷೆಯಲ್ಲಿ ಮುಂದಿದ್ದ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಯನ್ನು ತಗ್ಗಿಸುವುದು ಅದರ ಒಂದು ಉದ್ದೇಶವಾಗಿತ್ತೆಂದು ಇತಿಹಾಸಕಾರರು ತೋರಿಸಿದ್ದಾರೆ. ಅಂಕವನ್ನು ಎಣಿಸಬಹುದು, ವ್ಯಕ್ತಿತ್ವವನ್ನು ಎಣಿಸಲಾಗದು. ಎಣಿಸಲಾಗದ್ದರಲ್ಲಿ ಏನನ್ನು ಬೇಕಾದರೂ ಅಡಗಿಸಬಹುದು.

ನಮ್ಮ ನಾಡಿಗೂ ಈ ಸಮಸ್ಯೆ ಬಂದಿತ್ತು. 1963ರ ಜುಲೈನಲ್ಲಿ ಅಂದಿನ ಮೈಸೂರು ಸರ್ಕಾರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನವನ್ನೂ ಗೊತ್ತುಮಾಡಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟು ಸಂದರ್ಶನಕ್ಕೆ ಮೀಸಲಾಯಿತು. ಐಚ್ಛಿಕ ವಿಷಯಗಳಿಗೆ ಒಟ್ಟು 300 ಅಂಕವೆಂದು ಇಟ್ಟುಕೊಂಡರೆ ಸಂದರ್ಶನದ ಪಾಲು 75. ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ವ್ಯಾಸಂಗದ ಸಾಧನೆ, ಎನ್‌ಸಿಸಿ, ಆಟೋಟ, ಸಮಾಜಸೇವೆ, ಚರ್ಚಾಕೂಟ, ನಾಟಕ ಇವೆಲ್ಲ ಅದರಲ್ಲಿ ಸೇರಿದ್ದವು. ಒಂದೆರಡು ಅಂಕಗಳ ಅಂತರದಲ್ಲಿ ಸೀಟು ಕೈತಪ್ಪುವ ಕಡೆ ಇದು ಸಣ್ಣ ತೂಕವಲ್ಲ.

ಸೀಟು ಸಿಗದವರು ಹೈಕೋರ್ಟಿನ ಮೊರೆಹೋದರು. ಆಯ್ಕೆ ಸಮಿತಿ ತನ್ನ ಅಧಿಕಾರವನ್ನು ದುರುಪಯೋಗಪಡಿಸಿಕೊಂಡಿದೆ ಎಂದ ಹೈಕೋರ್ಟು, ಸಂದರ್ಶನವನ್ನು ಹೊಸದಾಗಿ ನಡೆಸಲು ಹೇಳಿತು. ಸಂದರ್ಶನ ಪದ್ಧತಿಯೇ ತಪ್ಪೆಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 'ಚಿತ್ರಲೇಖಾ ವಿರುದ್ಧ ಮೈಸೂರು ರಾಜ್ಯ' ಎಂದು ಹೆಸರಾದ ಈ ಪ್ರಕರಣದಲ್ಲಿ 1964ರ ಜನವರಿಯಲ್ಲಿ ಬಹುಮತದ ತೀರ್ಪನ್ನು ನ್ಯಾಯಮೂರ್ತಿ ಸುಬ್ಬರಾವ್ ಬರೆದರು: ದುರ್ಬಳಕೆಯ ಸಾಧ್ಯತೆ ಇದೆಯೆಂದ ಮಾತ್ರಕ್ಕೆ ಸಂದರ್ಶನ ಅಸಿಂಧುವಾಗದು. ನ್ಯಾಯಮೂರ್ತಿ ಮುಧೋಳ್ಕರ್ ಒಪ್ಪದೆ ಭಿನ್ನ ತೀರ್ಪು ನೀಡಿದರು.

ಹೀಗೆ ಪದ್ಧತಿ ಉಳಿಯಿತು, ತೂಕದ ಪ್ರಶ್ನೆಯೂ ಉಳಿಯಿತು. ಅದಕ್ಕೆ ಉತ್ತರ ಸಿಕ್ಕಿದ್ದು ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ಪ್ರಕರಣದಲ್ಲಿ. ಅಲ್ಲಿ ಲಿಖಿತ ಪರೀಕ್ಷೆಗೆ 100, ಸಂದರ್ಶನಕ್ಕೆ 50 ಅಂಕಗಳಿದ್ದವು. ಒಬ್ಬೊಬ್ಬರನ್ನು ಮಾತನಾಡಿಸಿದ್ದು ಎರಡು ಮೂರು ನಿಮಿಷ ಮಾತ್ರ. ಕೇಳಿದ್ದು ತಂದೆ ಯಾರು, ಊರು ಯಾವುದು ಎಂಬಂಥ ಪ್ರಶ್ನೆಗಳು ಎಂಬುದು ವಿದ್ಯಾರ್ಥಿಗಳ ದೂರು. 'ಅಜಯ್ ಹಸಿಯಾ' ಪ್ರಕರಣವೆಂದು ಹೆಸರಾದ ಇದರಲ್ಲಿ 1980ರ ನವೆಂಬರ್‌ನಲ್ಲಿ ತೀರ್ಪು ಬರೆದ ನ್ಯಾಯಮೂರ್ತಿ ಭಗವತಿ, ಕಾಲೇಜು ಪ್ರವೇಶದಲ್ಲಿ ಸಂದರ್ಶನಕ್ಕೆ ಶೇ. 15ಕ್ಕಿಂತ ಹೆಚ್ಚು ಅಂಕ ಇಡುವುದು ಸ್ವೇಚ್ಛೆಯಾದೀತು ಎಂದರು. ಸಂದರ್ಶನವನ್ನು ಧ್ವನಿಮುದ್ರಣ ಮಾಡುವುದು ಒಳ್ಳೆಯದೆಂದೂ ಸೂಚಿಸಿದರು.

ಕರ್ನಾಟಕದಲ್ಲಿ 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಬಂತು. 1994ರಲ್ಲಿ ಸಿಇಟಿ ಘಟಕ ಸ್ಥಾಪನೆಯಾಯಿತು. ಪ್ರವೇಶ ಪರೀಕ್ಷೆಯ ರ‍್ಯಾಂಕಿಗೆ ಬೆಲೆ ಬಂದ ಮೇಲೆ ಈ ಸೀಟುಗಳಿಗೆ 'ನಿಮ್ಮ ತಂದೆ ಏನು ಮಾಡುತ್ತಾರೆ?' ಎಂಬ ಪ್ರಶ್ನೆಗೆ ಉತ್ತರಿಸಬೇಕಾದ ಪ್ರಮೇಯವೇ ಇಲ್ಲವಾಯಿತು. ಹಳ್ಳಿಯ ಕುಟುಂಬಗಳಿಗೆ ಇದು ಸಣ್ಣ ಲಾಭವಲ್ಲ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಂಥ ಊರಿನ ಹುಡುಗಿಗೆ ಸಮಿತಿಯಲ್ಲಿ ಕೂತವರ ಪರಿಚಯವಿರದು, ವಶೀಲಿ ಹಚ್ಚುವ ದಾರಿಯೂ ಗೊತ್ತಿರದು. ಉತ್ತರ ಪತ್ರಿಕೆಗೆ ಅವಳ ಊರು, ಉಡುಪು, ಮಾತಿನ ಧಾಟಿ ಯಾವುದೂ ಕಾಣುವುದಿಲ್ಲ.

ಹಾಗೆಂದು ಪರೀಕ್ಷೆ ಎಲ್ಲರಿಗೂ ಒಂದೇ ಎನ್ನುವಂತೆಯೂ ಇಲ್ಲ. ದುಬಾರಿ ಕೋಚಿಂಗ್ ತರಗತಿಗಳು ನಗರದಲ್ಲಿವೆ. ಮನೆಗೆಲಸದ ನಡುವೆ ಓದಿ ಗಳಿಸಿದ ಅಂಕಕ್ಕೂ ಕೋಚಿಂಗ್‌ನಲ್ಲಿ ಗಳಿಸಿದ ಅಂಕಕ್ಕೂ ಇರುವ ವ್ಯತ್ಯಾಸ ಯಂತ್ರಕ್ಕೆ ತಿಳಿಯದು. ಎದುರು ಕೂತು ಮಾತನಾಡಿಸಿದವರಿಗೆ ತಿಳಿಯಬಹುದು. ಹಾರ್ವರ್ಡ್ ವಿರುದ್ಧದ ಮೊಕದ್ದಮೆ 2018ರಲ್ಲಿ ವಿಚಾರಣೆಗೆ ಬಂದಾಗ ವಾದಿಗಳು ಮುಂದಿಟ್ಟ ಒಂದು ಅಂಶ ಕುತೂಹಲಕರ. ಏಷ್ಯಾ ಮೂಲದ ಅಭ್ಯರ್ಥಿಗಳನ್ನು ಖುದ್ದಾಗಿ ಕಂಡ ಹಳೆಯ ವಿದ್ಯಾರ್ಥಿಗಳು ಅವರ ವ್ಯಕ್ತಿತ್ವಕ್ಕೆ ಬಿಳಿಯರಷ್ಟೇ ಅಂಕ ಕೊಟ್ಟಿದ್ದರು. ಕಡಿಮೆ ಕೊಟ್ಟದ್ದು ಕಡತ ಓದಿದ ಪ್ರವೇಶ ಕಚೇರಿ. ನೇರ ಭೇಟಿ ಯಾವಾಗಲೂ ಪೂರ್ವಗ್ರಹದ ಪರವೇ ಎನ್ನಲಾಗದು.

ಆದ್ದರಿಂದ ವಿವಾದ ಸಂದರ್ಶನ ಬೇಕೇ ಬೇಡವೇ ಎಂಬುದಲ್ಲ. ಅದರ ತೂಕ ಎಷ್ಟು, ಆ ತೂಕವನ್ನು ಮೊದಲೇ ಬರೆದಿಟ್ಟಿದ್ದಾರೆಯೇ, ಆಡಿದ ಮಾತಿಗೆ ದಾಖಲೆ ಉಂಟೇ ಎಂಬುದು. ನಮ್ಮ ನ್ಯಾಯಾಲಯ 1980ರಲ್ಲೇ ತೂಕಕ್ಕೆ ಮಿತಿ ಹಾಕಿತು. ಅಮೆರಿಕದ ಕಾಲೇಜುಗಳಲ್ಲಿ ಹಳೆಯ ವಿದ್ಯಾರ್ಥಿಯ ವರದಿಗೆ ಇಂತಿಷ್ಟೇ ಎಂಬ ಲೆಕ್ಕವಿಲ್ಲ. ಬ್ರೌನ್‌ನಂಥ ವಿಶ್ವವಿದ್ಯಾಲಯ ಆ ಸಂದರ್ಶನವನ್ನೇ ಬಿಟ್ಟು, ಅಭ್ಯರ್ಥಿಗಳು ತಾವೇ ಚಿತ್ರೀಕರಿಸಿದ ಪರಿಚಯವನ್ನು ಕಳಿಸಲು ಅವಕಾಶ ಕೊಟ್ಟಿದೆ.

ವೀರಶರ್ಮನಂಥ ಗುರು ಜೊತೆಗೆ ಬಂದರೆ ಒಳ್ಳೆಯದೇ. ಬಾರದವರಿಗೂ ಬಾಗಿಲು ತೆರೆಯಬೇಕಲ್ಲವೇ?