ಕಲ್ಯಾಣದ ಲೇಖ್ಯಪ್ರಕರಣವೂ ಪೋಲೀಸರ ಛಾಯಾಚಿತ್ರವೂ

ವಿಜ್ಞಾನೇಶ್ವರನು ಮಿತಾಕ್ಷರವನ್ನು ರಚಿಸಿದುದು ಕಲ್ಯಾಣಪುರದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಆಳಿಕೆಯಲ್ಲಿ. ಆ ರಾಜಧಾನಿಯೇ ಈಗಿನ ಬಸವಕಲ್ಯಾಣವು. ಆಸ್ತಿಯ ಪಾಲಿನ ವ್ಯಾಜ್ಯ ಬಂದಾಗ ಈ ಗ್ರಂಥವನ್ನು ನೆನೆಯುವವರು ಬಹುಮಂದಿ. ಅದರ ಲೇಖ್ಯಪ್ರಕರಣವನ್ನು ಓದುವವರು ವಿರಳ. ಇಂದಿನ ಪೋಲೀಸರ ಕಾರ್ಯಕ್ಕೆ ಹತ್ತಿರವಾದುದು ಆ ಪ್ರಕರಣವೇ.

ಪತ್ರವು ಅಳಿಸಿಹೋದರೆ, ಸುಟ್ಟರೆ, ಹರಿದರೆ ಬೇರೊಂದನ್ನು ಬರೆಯಿಸಬಹುದೆಂದು ಯಾಜ್ಞವಲ್ಕ್ಯನ ವಿಧಿ. ಪತ್ರದಲ್ಲಿ ಸಂದೇಹ ಬಂದರೋ, ಅದೇ ಕೈಯ ಬೇರೆ ಬರಹದೊಡನೆ ಹೋಲಿಸಬೇಕು. ಯುಕ್ತಿ, ಚಿಹ್ನೆ, ಉಭಯರ ಪೂರ್ವಸಂಬಂಧ ಇವುಗಳಿಂದಲೂ ಶೋಧಿಸಬೇಕು.

ಹುಮನಾಬಾದಿನ ಹೆದ್ದಾರಿಯಲ್ಲಿ ರಾತ್ರಿ ಒಂದು ವಾಹನವು ದಾರಿಹೋಕನಿಗೆ ಬಡಿದು ಓಡಿಹೋಯಿತೆನ್ನೋಣ. ಅಂಗಡಿಯ ಕ್ಯಾಮರಾದಲ್ಲಿ ಬಿಂಬವಿದೆ, ವಾಹನದ ಸಂಖ್ಯೆ ಮಸುಕು. ಗಣಕಯಂತ್ರದ ತಂತ್ರಾಂಶದಿಂದ ಬೆಳಕನ್ನೇರಿಸಿ, ಕಪ್ಪುಬಿಳುಪಿನ ಅಂತರವನ್ನು ಹೆಚ್ಚಿಸಿದರೆ ಅಂಕಿಗಳು ತೋರಬಹುದು. ಶಾಸನದ ಕಲ್ಲಿನ ಮೇಲೆ ಒದ್ದೆ ಕಾಗದವನ್ನೊತ್ತಿ ಮಸಿ ಹಚ್ಚಿ ಅಚ್ಚು ತೆಗೆಯುವ ವಿದ್ವಾಂಸರ ಕೆಲಸವೂ ಇಂಥದೇ. ಕಲ್ಲಿನಲ್ಲಿದ್ದುದೇ ಕಾಗದಕ್ಕೆ ಬರುವುದು. ಇದಕ್ಕೆ ಯಾರ ಆಕ್ಷೇಪವೂ ಇರಲಾರದು.

ಆದರೆ ಕೃತಕ ಬುದ್ಧಿಯ ಹೊಸ ತಂತ್ರಾಂಶಗಳ ರೀತಿ ಬೇರೆ. ಕ್ಯಾಮರಾ ಹಿಡಿಯದೆ ಬಿಟ್ಟುದನ್ನು ಅವು ಅನ್ಯ ಚಿತ್ರಗಳ ಅಭ್ಯಾಸಬಲದಿಂದ ಊಹಿಸಿ ತುಂಬುತ್ತವೆ. 3 ಎಂಬುದು 8 ಆದೀತು. ಚಿತ್ರವೇನೋ ಬಹು ಸ್ವಚ್ಛವಾಗಿಯೇ ಕಾಣುವುದು. ಆ ರಾತ್ರಿ ಮನೆಯಲ್ಲಿ ಮಲಗಿದ್ದ ಬೇರೊಬ್ಬ ವಾಹನದೊಡೆಯನ ಬಾಗಿಲಿಗೆ ಪೋಲೀಸರು ಬಂದರೆ ಉತ್ತರವಾದಿ ಯಾರು? ಸ್ವಚ್ಛತೆಯನ್ನೇ ಸತ್ಯವೆಂದು ನಂಬುವ ಚಾಪಲ್ಯವು ನಮ್ಮಲ್ಲಿ ಈಚೆಗೆ ಅತಿಯಾಗಿದೆ.

1872 ರ ಸಾಕ್ಷ್ಯ ಅಧಿನಿಯಮಕ್ಕೆ ವಿದ್ಯುನ್ಮಾನ ದಾಖಲೆಗಳ 65ಬಿ ಕಲಮು ಸೇರಿದ್ದು 2000 ದಲ್ಲಿ. 2024 ರ ಜುಲೈ 1 ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63 ನೆಯ ಕಲಮಿನಂತೆ, ಪ್ರಮಾಣಪತ್ರದಲ್ಲಿ ಕಡತದ ‘ಹ್ಯಾಷ್’ ಸಂಖ್ಯೆಯನ್ನು ಕಾಣಿಸಬೇಕು. ಬಿಂಬದ ಒಂದು ಚುಕ್ಕೆ ಬದಲಾದರೂ ಈ ಸಂಖ್ಯೆ ಬದಲಾಗುವುದು. ಆದಕಾರಣ ಮೂಲವನ್ನು ಮುಟ್ಟದೆ, ಪ್ರತಿಯ ಮೇಲೆ ಮಾತ್ರ ಕೆಲಸಮಾಡಿ, ಏನೇನು ಮಾಡಿದೆವೆಂಬುದನ್ನು ಕ್ರಮವಾಗಿ ಬರೆದಿಡುವುದು ಯುಕ್ತವಾದ ಪದ್ಧತಿ. ಆದರೂ ಈ ಸಂಖ್ಯೆಯು ಹೇಳುವುದು ಅದನ್ನು ಗುರುತಿಸಿದ ಮೇಲೆ ಕಡತವು ಬದಲಾಗಿಲ್ಲವೆಂಬುದನ್ನಷ್ಟೇ. ತಿದ್ದಿದ ಪ್ರತಿಯಲ್ಲಿ ಕಂಡ ಅಂಕಿ ನಿಜವೋ ಊಹೆಯೋ ಎಂಬುದನ್ನು ಹೇಳಲಾರದು. ಅದಕ್ಕೆ ಮೂಲದೊಡನೆ ಹೋಲಿಕೆಯೇ ಬೇಕು. ವಾಹನದ ಬಣ್ಣ, ಪೆಟ್ಟಿನ ಗುರುತು, ಆ ವೇಳೆಯಲ್ಲಿ ಅದು ಇದ್ದ ಸ್ಥಳ ಮುಂತಾದ ಚಿಹ್ನೆಗಳೂ ಬೇಕು.

ಹೋಲಿಸಲು ಆರೋಪಿಯ ಕೈಗೆ ಮೂಲದ ಪ್ರತಿ ಸಿಗಬೇಕಷ್ಟೆ. ಮೆಮೊರಿ ಕಾರ್ಡಿನೊಳಗಣ ಬಿಂಬವೂ ದಸ್ತಾವೇಜೆಂದೂ, ಪ್ರಾಸಿಕ್ಯೂಷನ್ನಿನವರು ಅದನ್ನು ಆಧರಿಸಿದಲ್ಲಿ ಆರೋಪಿಗೆ ಸಾಮಾನ್ಯವಾಗಿ ಅದರ ಪ್ರತಿಯನ್ನು ಕೊಡತಕ್ಕದ್ದೆಂದೂ, ಸಂತ್ರಸ್ತರ ಮಾನರಕ್ಷಣೆಯ ಪ್ರಸಂಗದಲ್ಲಿ ಮಾತ್ರ ನೋಡಲು ಅವಕಾಶವಿತ್ತರೆ ಸಾಕೆಂದೂ ಸರ್ವೋಚ್ಚ ನ್ಯಾಯಾಲಯವು 2019 ರಲ್ಲಿ ತೀರ್ಮಾನಿಸಿದೆ.