ಹೆಸರು ಬಂದ ಮೇಲಿನ ಪಾಠ

ಮೊದಲು ಕಲಿಯುವುದು, ಆಮೇಲೆ ಹೆಸರು ಮಾಡುವುದು ಲೋಕರೂಢಿ. ಧಾರವಾಡ ಸೀಮೆಯ ಇಬ್ಬರು ಹಿರಿಯ ಗಾಯಕರ ಬಾಳಿನಲ್ಲಿ ಮಾತ್ರ ಇದು ತಿರುವುಮುರುವಾಯಿತು. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ ಮತ್ತು ಮಲ್ಲಿಕಾರ್ಜುನ ಮನಸೂರ ತಮ್ಮ ನಿಜವಾದ ತಾಲೀಮಿಗೆ ಕುಳಿತಾಗ ಇಬ್ಬರ ಗ್ರಾಮಫೋನ್ ತಟ್ಟೆಗಳೂ ಆಗಲೇ ಅಂಗಡಿಗಳಲ್ಲಿದ್ದವು. ಊರು ಮೆಚ್ಚಿದ ಮೇಲೂ ಅವರು ಮತ್ತೆ ಷಡ್ಜದಿಂದ ಏಕೆ ಆರಂಭಿಸಿದರು ಎಂಬುದು ಹಿಂದೂಸ್ತಾನಿ ಸಂಗೀತದ ಸ್ವಭಾವವನ್ನೇ ತಿಳಿಸುವ ಪ್ರಶ್ನೆ.

ಆ ಕಾಲದ ತಟ್ಟೆಯ ಒಂದು ಮಗ್ಗುಲಿಗೆ ಸಿಗುತ್ತಿದ್ದುದು ಮೂರು, ಹೆಚ್ಚೆಂದರೆ ಮೂರೂವರೆ ನಿಮಿಷ. ಅಷ್ಟರಲ್ಲಿ ರಾಗದ ಮುಖ ತೋರಿಸಿ, ಚೀಜು ಹೇಳಿ, ನಾಲ್ಕು ತಾನು ಹಾರಿಸಿ ಮುಗಿಸಬೇಕು. ಇದಕ್ಕೆ ಚುರುಕಾದ ಕಂಠವಿದ್ದರೆ ಬಹುಮಟ್ಟಿಗೆ ಸಾಕು. ಬೈಠಕ್ಕಿನ ಲೆಕ್ಕವೇ ಬೇರೆ. ಅಲ್ಲಿ ಒಂದು ರಾಗವನ್ನು ಒಂದು ಗಂಟೆ ಬೆಳೆಸಬೇಕು. ನಾಲ್ಕನೆಯ ನಿಮಿಷದಿಂದ ಕಂಠವೊಂದೇ ಕೈಹಿಡಿಯುವುದಿಲ್ಲ. ಯಾವ ಸ್ವರದ ಮೇಲೆ ಎಷ್ಟು ನಿಲ್ಲಬೇಕು, ಮುಂದಿನ ಸ್ವರವನ್ನು ಎಷ್ಟು ಹೊತ್ತು ತಡೆಹಿಡಿಯಬೇಕು ಎಂಬ ವಿವೇಕ ಪುಸ್ತಕದಲ್ಲಿ ಬರೆದಿಟ್ಟದ್ದಲ್ಲ. ಅದು ಗುರುವಿನ ಬಾಯಿಂದ, ಅವನು ಒಲಿದಾಗ ಮಾತ್ರ ಸಿಗುವಂಥದು.

ಗಂಗೂಬಾಯಿ ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಒಲವು ಹಿಂದೂಸ್ತಾನಿಯ ಕಡೆಗೆ ಎಂದು ಕಂಡಾಗ, ತನ್ನ ಪದ್ಧತಿಯ ನೆರಳು ಮಗಳ ಗಾಯನದ ಮೇಲೆ ಬೀಳಬಾರದೆಂದು ಆ ತಾಯಿ ತಾನು ಹಾಡುವುದನ್ನೇ ಬಿಟ್ಟಳು. ಇಂಥ ತ್ಯಾಗಕ್ಕೆ ಪ್ರಶಸ್ತಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಕೃಷ್ಣಾಚಾರ್ಯ ಹುಲಗೂರ, ದತ್ತೋಪಂತ ದೇಸಾಯಿ ಅವರಲ್ಲಿ ಆರಂಭದ ಪಾಠಗಳಾದವು. ಎಚ್‌ಎಂವಿ ಕಂಪನಿಯ ಮೊದಲ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು.

ಆಕೆ ಬಯಸಿದ ಗುರು ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರ ಶಿಷ್ಯ. ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ವಹಿಸಿ ಮೆರೆದವರು. ಸವಾಯಿ ಎಂದರೆ ಒಂದೂಕಾಲು: ಬಾಲಗಂಧರ್ವರಿಗಿಂತ ಒಂದು ಪಾವು ಹೆಚ್ಚೆಂದು ಜನ ಕೊಟ್ಟ ಬಿರುದು. ನಾಟಕ ಕಂಪನಿಗಳೊಂದಿಗೆ ಊರೂರು ಸುತ್ತುತ್ತಿದ್ದ ಅವರು ಪಾಠಕ್ಕೆ ಸಿಗುವುದೇ ಕಷ್ಟವಾಗಿತ್ತು. ಅವರು ತಿರುಗಾಟ ನಿಲ್ಲಿಸಿ ಕುಂದಗೋಳದಲ್ಲಿ ನೆಲೆನಿಂತ ಮೇಲೆ, 1937ರ ಸುಮಾರಿಗೆ, ಕ್ರಮವಾದ ತಾಲೀಮು ಆರಂಭವಾಯಿತು. ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಈ ಊರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹತ್ತಿರದ ದಾರಿ. ಸೋದರಮಾವನ ಜೊತೆ ಸಂಜೆಯ ಗಾಡಿಗೆ ಹೋಗಿ ರಾತ್ರಿಯ ಗಾಡಿಗೆ ಮರಳುವುದು, ಮನೆಯಲ್ಲಿ ಮಕ್ಕಳು. ಆಗ ಗುರುವಿನ ಮನೆಯಲ್ಲೇ ಇದ್ದು ನೀರು ಹೊರುತ್ತಿದ್ದ ಹುಡುಗ ಭೀಮಸೇನ ಜೋಶಿ, ಕತ್ತಲಲ್ಲಿ ನಿಲ್ದಾಣದವರೆಗೆ ಬಿಟ್ಟುಬರಲು ಬರುತ್ತಿದ್ದುದನ್ನು ಗಂಗೂಬಾಯಿ ಮುಂದೆ ನೆನೆಯುತ್ತಿದ್ದರು. ಹಾಡುವ ಮನೆತನದ ಹುಡುಗಿಯೆಂದು ಬಾಲ್ಯದಲ್ಲೇ ಬೀದಿಯ ಮೂದಲಿಕೆ ಕೇಳಿಸಿಕೊಂಡವರಿಗೆ ಆ ದಾರಿಯ ನಡಿಗೆ ಬರೀ ಕಾಲಿನ ಶ್ರಮವಾಗಿರಲಿಕ್ಕಿಲ್ಲ.

ಪಾಠವಾದರೂ ಎಂಥದು? ಒಂದು ಸ್ವರಗುಚ್ಛ ಹಿಡಿದರೆ ಅದು ಗುರುವಿನ ಮನಸ್ಸಿಗೆ ಬರುವವರೆಗೆ ಅದೇ. ರಾಗಗಳ ಸಂಖ್ಯೆಗೆ ಅಲ್ಲಿ ಬೆಲೆಯಿರಲಿಲ್ಲ. ಕೆಲವೇ ರಾಗ, ಒಂದೊಂದು ಸ್ವರವನ್ನೂ ನಿಧಾನವಾಗಿ ತೆರೆಯುವ ಬಢತ್: ಕಿರಾಣಾದ ಮರ್ಮ ಇದು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಗೂಬಾಯಿಯವರ ಕಂಠ ಗಡುಸಾಗಿ, ತಗ್ಗಿಗೆ ಇಳಿಯಿತು. ಹೆಣ್ಣುಕಂಠದ ಇಂಪನ್ನೇ ನೆಚ್ಚಿದವರಾಗಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಕುಂದಗೋಳದ ಪಾಠ ಇಂಪನ್ನು ನೆಚ್ಚಿರಲಿಲ್ಲವಾದ್ದರಿಂದ ಆ ಗಡಸುತನವೇ ಗಾಂಭೀರ್ಯವಾಯಿತು.

ಮನಸೂರರದು ಇನ್ನೊಂದು ಬಗೆ. ಧಾರವಾಡದ ಬಳಿಯ ಮನಸೂರಿನಲ್ಲಿ 1910ರ ಡಿಸೆಂಬರ್ 31ರಂದು ಹುಟ್ಟಿದ ಅವರು ನಾಟಕ ಕಂಪನಿಯಲ್ಲಿದ್ದಾಗ ಮಿರಜಿನ ನೀಲಕಂಠಬುವಾ ಅವರ ಕಣ್ಣಿಗೆ ಬಿದ್ದು, ಅವರಲ್ಲಿ ಹಲವು ವರ್ಷ ಗ್ವಾಲಿಯರ್ ಪದ್ಧತಿ ಕಲಿತರು. ಮುದ್ರಿಕೆಗಳೂ ಹೆಸರು ತಂದವು. ಇಷ್ಟಾದ ಮೇಲೆ ಮುಂಬಯಿಯಲ್ಲಿ ಜಯಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜೀ ಖಾನರ ಶಿಷ್ಯತ್ವ. ಇದು ಇದ್ದ ಮನೆಗೆ ಇನ್ನೊಂದು ಕೋಣೆ ಕಟ್ಟಿದಂತಲ್ಲ. ತಾಳದ ಒಡಲೊಳಗೇ ಸ್ವರಗಳನ್ನು ಹೆಣೆಯುತ್ತ, ಉಸಿರಿಗೂ ತೆರಪು ಕೊಡದಂತೆ ಸಮ್‌ಗೆ ಬಂದು ಮುಟ್ಟುವ ಈ ಶೈಲಿಗೆ ಹಳೆಯ ಅಭ್ಯಾಸಗಳು ಅಡ್ಡಬರುತ್ತವೆ. ಎರಡು ರಾಗಗಳನ್ನು ಬೆಸೆದ ಜೋಡರಾಗಗಳಲ್ಲಂತೂ ಎಲ್ಲಿ ಒಂದು ಮುಗಿದು ಇನ್ನೊಂದು ಆರಂಭವಾಯಿತೆಂದು ತಿಳಿಯಬಾರದು. ಕಲಿತದ್ದನ್ನು ಮರೆಯುವುದೂ ಪಾಠದ ಒಂದು ಭಾಗವಾಯಿತು.

ವಿಧಿ ಇಲ್ಲಿ ಕೈಕೊಟ್ಟಿತು. ತಾಲೀಮು ಎರಡು ವರ್ಷ ತುಂಬುವ ಮೊದಲೇ, 1937ರಲ್ಲಿ, ಮಂಜೀ ಖಾನರು ತೀರಿಕೊಂಡರು. ಅರ್ಧಕ್ಕೆ ನಿಂತ ವಿದ್ಯೆಯೊಂದಿಗೆ ಹಳೆಯ ದಾರಿಗೆ ಮರಳುವುದು ಸುಲಭವಿತ್ತು. ಮನಸೂರರು ಕೊಲ್ಹಾಪುರದಲ್ಲಿದ್ದ ಮಂಜೀ ಖಾನರ ತಮ್ಮ ಬುರ್ಜೀ ಖಾನರ ಬಾಗಿಲಿಗೆ ಹೋದರು. ಆ ಪಾಠ ವರ್ಷಗಟ್ಟಲೆ ನಡೆಯಿತು. ಅಪರೂಪದ ರಾಗಗಳ ದೊಡ್ಡ ಗಂಟು ಅವರಿಗೆ ಒದಗಿದ್ದು ಹೀಗೆ.

ಆದರೆ ಇದರಿಂದ ತಕ್ಷಣದ ಲಾಭವೇನೂ ಆಗಲಿಲ್ಲ. ದೇಶ ಅವರನ್ನು ಗುರುತಿಸುವ ಹೊತ್ತಿಗೆ ಅವರಿಗೆ ಅರವತ್ತರ ಸಮೀಪ. ಪದ್ಮಶ್ರೀ ಬಂದದ್ದು 1970ರಲ್ಲಿ, ಪದ್ಮವಿಭೂಷಣ ಅವರು ತೀರಿಕೊಂಡ 1992ರಲ್ಲಿ. ಅಷ್ಟು ವರ್ಷ ಅವರನ್ನು ಕೇಳಿದವರು ಹೆಚ್ಚಾಗಿ ಧಾರವಾಡದ ಸುತ್ತಲಿನವರು ಮತ್ತು ಆಕಾಶವಾಣಿಯ ಶ್ರೋತೃಗಳು. ಗಂಗೂಬಾಯಿಯವರಿಗೆ ಪದ್ಮಭೂಷಣ 1971ರಲ್ಲಿ, ಪದ್ಮವಿಭೂಷಣ 2002ರಲ್ಲಿ ಸಂದವು. 2009ರಲ್ಲಿ ತೀರಿಕೊಂಡ ಅವರು ತೊಂಬತ್ತು ದಾಟಿದ ಮೇಲೂ ಕಚೇರಿಗೆ ಕುಳಿತಿದ್ದರು. ‘ಗಾಂಧಾರಿ’ಯ ತೆಳುವಾದ, ಎತ್ತರದ ಕಂಠವನ್ನು ಹಳೆಯ ಮುದ್ರಿಕೆಗಳಲ್ಲಿ ಈಗಲೂ ಕೇಳಬಹುದು, ಹೆಸರು ಹೇಳದಿದ್ದರೆ ಅದು ಅದೇ ಗಂಗೂಬಾಯಿ ಎಂದು ಬಹಳ ಜನ ಒಪ್ಪಲಾರರು.