ಪ್ರಲಾಪವೂ ಕೀರ್ತನೆಯೂ

ಶಿವಮೊಗ್ಗೆಯ ಗೋಪಾಳದಲ್ಲಾಗಲಿ ಭದ್ರಾವತಿಯಲ್ಲಾಗಲಿ ಕನ್ನಡ ಕ್ರೈಸ್ತರ ಮನೆಯ ವೇದಪುಸ್ತಕವನ್ನು ತೆರೆದರೆ ‘ಕೀರ್ತನೆಗಳು’ ಎಂಬ ಗ್ರಂಥವೂ ‘ಪ್ರಲಾಪಗಳು’ ಎಂಬ ಗ್ರಂಥವೂ ಬೇರೆ ಬೇರೆಯಾಗಿ ದೊರೆಯುವುವು. ಹೆಸರುಗಳನ್ನಷ್ಟೇ ನೋಡಿದವರು ಒಂದರಲ್ಲಿ ಸ್ತುತಿಯೂ ಮತ್ತೊಂದರಲ್ಲಿ ಅಳಲೂ ಇದೆಯೆಂದು ಎಣಿಸುವುದು ಸಹಜ. ಒಳಹೊಕ್ಕು ನೋಡಿದರೆ ಈ ಎಣಿಕೆ ನಿಲ್ಲದು. 150 ಕೀರ್ತನೆಗಳಲ್ಲಿ ಎಲ್ಲಕ್ಕಿಂತ ದೊಡ್ಡ ವರ್ಗವು ಸಂಕಟದಲ್ಲಿ ಬಿದ್ದವನ ಮೊರೆಯದೇ ಆಗಿದೆ.

ಹೀಗಿದ್ದರೂ ಹೀಬ್ರೂ ಭಾಷೆಯಲ್ಲಿ ಗ್ರಂಥದ ಹೆಸರು ‘ತೆಹಿಲ್ಲೀಮ್’, ಎಂದರೆ ಸ್ತುತಿಗಳು. ಗ್ರೀಕ್ ಹೆಸರಿಗೆ ತಂತೀವಾದ್ಯದೊಡನೆ ಹಾಡುವ ಪದವೆಂದು ಅರ್ಥ. ನಮ್ಮ ‘ಕೀರ್ತನೆ’ಯು ಹೊಗಳಿಕೆ, ಹಾಡು ಎರಡನ್ನೂ ಒಂದೇ ಮಾತಿನಲ್ಲಿ ಹಿಡಿದಿರುವುದು ಭಾಷೆಯ ಸುದೈವವೆಂದೇ ಹೇಳಬೇಕು.

ಹದಿಮೂರನೆಯ ಕೀರ್ತನೆಯು ಎಷ್ಟರ ವರೆಗೆ ಎಂದು ನಾಲ್ಕು ಸಲ ದೇವರನ್ನು ಕೇಳಿ, ಆರು ವಚನಗಳೊಳಗೆ ಹಾಡಿನಲ್ಲಿ ಮುಗಿಯುತ್ತದೆ. ನಡುವೆ ಏನು ನಡೆಯಿತು? 1934ರಲ್ಲಿ ಜರ್ಮನ್ ಪಂಡಿತ ಬೆಗ್ರಿಖ್ ಅವರು, ಮೊರೆಗೂ ಸ್ತುತಿಗೂ ನಡುವೆ ಯಾಜಕನು ಅಭಯವಾಕ್ಯವನ್ನು ನುಡಿಯುತ್ತಿದ್ದನೆಂದು ಊಹಿಸಿದರು. ಊಹೆ ಜಾಣತನದ್ದು, ಆದರೆ ಆ ಅಭಯವಾಕ್ಯವು ಪಾಠದಲ್ಲಿಲ್ಲ. ಓದುಗನಿಗೆ ಉಳಿಯುವುದು ಆ ಬರಿದಾದ ಎಡೆಯೇ. ಕ್ರೈಸ್ತರು ಆ ಎಡೆಯಲ್ಲಿ ಶಿಲುಬೆಯನ್ನೂ ಪುನರುತ್ಥಾನವನ್ನೂ ಕಂಡರು. ಮತ್ತಾಯ, ಮಾರ್ಕರ ಸುವಾರ್ತೆಗಳಲ್ಲಿ ಯೇಸುವು ಶಿಲುಬೆಯ ಮೇಲೆ ಕೂಗುವುದು ಇಪ್ಪತ್ತೆರಡನೆಯ ಕೀರ್ತನೆಯ ಮೊದಲ ಮಾತು. ಕೈಬಿಡಲ್ಪಟ್ಟವನ ಕೂಗಿನಿಂದ ಹೊರಟ ಆ ಪದವು ಸಹೋದರರ ಸಭೆಯ ನಡುವೆ ಮಾಡುವ ಸ್ತೋತ್ರಕ್ಕೆ ತಿರುಗುತ್ತದೆ.

ಈ ‘ಸಭೆ’ಯ ಬೆಲೆಯನ್ನು ಕನ್ನಡ ನಾಡಿನಲ್ಲಿ ಅರಿತವರಲ್ಲಿ ಮಂಗಳೂರಿನ ಆನಂದರಾವ್ ಕೌಂಡಿನ್ಯರು ಒಬ್ಬರು. ಸಾರಸ್ವತ ಬ್ರಾಹ್ಮಣ ಕುಲದ ಈ ತರುಣರು 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ಕ್ಷೋಭೆಯುಂಟಾಯಿತು. ಬಂಧುವರ್ಗದಿಂದ ಹೊರಬಿದ್ದು, ಬಾಸೆಲಿನಲ್ಲಿ ಓದಿ, 1851ರಲ್ಲಿ ಸಭಾಪಾಲಕರಾಗಿ ದೀಕ್ಷಿತರಾದರು. ಸ್ತುತಿಸಲು ದೇವರೊಬ್ಬನೇ ಸಾಲದು, ಕೇಳುವ ಸಹೋದರರೂ ಬೇಕೆಂಬ ಆ ಕೀರ್ತನೆಯ ನುಡಿಯು ಇಂಥವರಿಗೆ ಅಲಂಕಾರವಾಗಿರಲಾರದು.

ಕೌಂಡಿನ್ಯರನ್ನು ಈ ದಾರಿಗೆ ತಂದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರೇ 1850ರಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚಿಗೆ ತಂದರು ಎಂಬುದನ್ನು ಇಲ್ಲಿ ಮರೆಯಬಾರದು. ಮತಾಂತರವನ್ನೇ ಕೆಲಸವಾಗಿ ಹಿಡಿದವರು ಹರಿದಾಸರ ಕೀರ್ತನೆಗಳನ್ನು ಉಳಿಸಲು ನೆರವಾದದ್ದು ಚರಿತ್ರೆಯ ವಿಚಿತ್ರಗಳಲ್ಲೊಂದು. ದಾಸರಲ್ಲಿಯೂ ದೇವರೊಡನೆ ಜಗಳವಿದೆ, ನಿಂದಾಸ್ತುತಿಯಿದೆ. ಅಳಲನ್ನು ಕೀರ್ತನೆಯೆಂದು ಕರೆಯುವುದು ಕನ್ನಡಿಗನ ಕಿವಿಗೆ ಹೊಸದಲ್ಲ. ಬಳ್ಳಾರಿಯ ಜಾನ್ ಹ್ಯಾಂಡ್ಸರ ದುಡಿಮೆಯಿಂದ 1831ರ ಹೊತ್ತಿಗೆ ಕನ್ನಡಕ್ಕೆ ಬಂದಿದ್ದ ವೇದಪುಸ್ತಕವು ಇಂಥ ಕಿವಿಯುಳ್ಳ ನಾಡಿಗೆ ಬಂದಿತು. 1862ರಲ್ಲಿ ಕಿಟ್ಟೆಲರು ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತವನ್ನು ಪದ್ಯರೂಪಕ್ಕೆ ತಂದದ್ದೂ ಈ ಕಿವಿಯನ್ನು ನಂಬಿಯೇ.

‘ಪ್ರಲಾಪಗಳು’ ಗ್ರಂಥದ ಮಾತೂ ಹೀಗೆಯೇ ತಲೆಕೆಳಗು. ಯೆರೂಸಲೇಮಿನ ನಾಶವನ್ನು ಕುರಿತ ಅದರ ಐದು ಅಧ್ಯಾಯಗಳಲ್ಲಿ ನಡುವಿನದಾದ ಮೂರನೆಯದರಲ್ಲಿ ಭರವಸೆಯು ಮೊಳೆಯುತ್ತದೆ. ಆಮೇಲೆ ಅಳಲು ಮರಳಿ ಬರುತ್ತದೆ. ಇತ್ತ ಎಂಬತ್ತೆಂಟನೆಯ ಕೀರ್ತನೆಯಾದರೋ ತಿರುಗುವುದೇ ಇಲ್ಲ. ಕತ್ತಲೆಯಲ್ಲಿ ಮುಗಿಯುತ್ತದೆ. ಸಂಕಲನಕಾರರು ಅದನ್ನು ತೆಗೆದುಹಾಕಲಿಲ್ಲ. ನಮ್ಮ ಅನುವಾದಕರೂ ಅದನ್ನು ಕೀರ್ತನೆಯೆಂದೇ ಕರೆದರು.